ಬೆಲ್ಲದ ಸೀಮೆಯಲ್ಲಿ 'ಜ್ಯಾಗರಿ'

ಇಂಗ್ಲಿಷಿನ 'ಜ್ಯಾಗರಿ' ಎಂಬ ಪದಕ್ಕೆ ಕನ್ನಡದಲ್ಲಿ ಬೆಲ್ಲ ಎಂದು ಅರ್ಥ ಹೇಳುವುದು ರೂಢಿ. ನಿತ್ಯದ ವ್ಯವಹಾರಕ್ಕೆ ಅಷ್ಟು ಸಾಕು. ಆದರೆ ಎರಡು ಪದಗಳ ಹರವು ಒಂದೇ ಅಲ್ಲ. ಹಳೆಯ ಇಂಗ್ಲಿಷ್ ನಿಘಂಟುಗಳು ಜ್ಯಾಗರಿಗೆ ಮೊದಲು ಕೊಡುವ ಅರ್ಥ ತಾಳೆ, ಈಚಲು, ತೆಂಗು, ಬೈನೆಯಂಥ ಮರಗಳಿಂದ ಇಳಿಸಿದ ರಸವನ್ನು ಕಾಯಿಸಿ ಮಾಡಿದ ಒರಟಾದ ಕಂದು ಸಕ್ಕರೆ ಎಂದು. ಕಬ್ಬಿನ ಬೆಲ್ಲ ಆ ಅರ್ಥದೊಳಗೆ ಜಾಗ ಪಡೆದದ್ದು ಆಮೇಲೆ. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಾದರೋ ಬೆಲ್ಲವೆಂದರೆ ಕಬ್ಬಿನದೇ. ಬೇರೆ ಬೆಲ್ಲವನ್ನು ಹೇಳಬೇಕಾದರೆ ಈಚಲ ಬೆಲ್ಲ, ತಾಟಿಬೆಲ್ಲ ಎಂದು ಮುಂದೊಂದು ಮಾತು ಸೇರಿಸಬೇಕು. ಇಂಗ್ಲಿಷಿನವರು ಮರದ ಬೆಲ್ಲಕ್ಕೆ ಇಟ್ಟ ಹೆಸರು ಕಬ್ಬಿನ ಬೆಲ್ಲದ ಈ ಸೀಮೆಗೆ ಬಂದು ನೆಲೆಸಿದ್ದು ಹೇಗೆ ಎಂಬುದು ನಾಲ್ಕಾರು ಭಾಷೆಗಳನ್ನು ಹಾದು ಬರುವ ಕಥೆ.

ಈ ಮೂರು ತಾಲ್ಲೂಕುಗಳ ಬೆಲ್ಲಕ್ಕೆ ಮೂಲ ಘಟಪ್ರಭೆಯ ನೀರು. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯ, ಅದರ ಕೆಳಗೆ ಗೋಕಾಕ ತಾಲ್ಲೂಕಿನಲ್ಲಿ ಬ್ರಿಟಿಷರ ಕಾಲದ ಧೂಪದಾಳ ಒಡ್ಡು, ಅಲ್ಲಿಂದ ಹೊರಟ ಕಾಲುವೆಗಳು, ನದಿಗೆ ಹಚ್ಚಿದ ಪಂಪ್‌ಸೆಟ್ಟುಗಳು, ಬಾವಿಗಳು ಸೇರಿ ಜೋಳದ ಹೊಲಗಳನ್ನು ಕಬ್ಬಿನ ಗದ್ದೆಗಳಾಗಿಸಿವೆ. 2018ರಲ್ಲಿ ಪ್ರತ್ಯೇಕ ತಾಲ್ಲೂಕಾಗುವವರೆಗೆ ಮೂಡಲಗಿ ಗೋಕಾಕಕ್ಕೇ ಸೇರಿತ್ತು. ಮೂಡಲಗಿಯಿಂದ ಪೂರ್ವಕ್ಕೆ ಹೊರಟರೆ ಸಿಗುವ ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರ ಉತ್ತರ ಕರ್ನಾಟಕದ ಹೆಸರುವಾಸಿ ಬೆಲ್ಲದ ಪೇಟೆ. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದಿಂದ ಉತ್ತರಕ್ಕೆ ಹೊರಟರೆ ಕೊಲ್ಹಾಪುರದ ಬೆಲ್ಲದ ಪೇಟೆ. ಹುಕ್ಕೇರಿ ತಾಲ್ಲೂಕಿನ ಒಂದು ದೊಡ್ಡ ಊರಿನ ಹೆಸರೇ ಬೆಲ್ಲದ ಬಾಗೇವಾಡಿ. ನಾಡಿನಲ್ಲಿ ಬಾಗೇವಾಡಿಗಳು ಹಲವು: ಬೆಳಗಾವಿಯ ಹತ್ತಿರ ಹಿರೇಬಾಗೇವಾಡಿ, ವಿಜಯಪುರ ಜಿಲ್ಲೆಯಲ್ಲಿ ಬಸವನ ಬಾಗೇವಾಡಿ. ಅವುಗಳ ನಡುವೆ ಈ ಊರನ್ನು ಬೇರೆ ಮಾಡಿ ತೋರಿಸುವ ಗುರುತು ಬೆಲ್ಲ. 'ಬೆಲ್ಲದ' ಎಂಬ ಮನೆತನದ ಹೆಸರೂ ಈ ಭಾಗದಲ್ಲಿ ಸಾಮಾನ್ಯ. ಜನರ ಹೆಸರಿನಲ್ಲಿ, ಊರಿನ ಹೆಸರಿನಲ್ಲಿ ಕೂತ ಪದವನ್ನು ಯಾವ ಇಂಗ್ಲಿಷ್ ಪದವೂ ಎಬ್ಬಿಸಲಾರದು. ಆದ್ದರಿಂದ ಇಲ್ಲಿ ಜ್ಯಾಗರಿ ಎಂಬುದು ಇಂದಿಗೂ ಕಚೇರಿಯ, ರಸೀದಿಯ, ಪೊಟ್ಟಣದ ಮೇಲಿನ ಮಾತು.

ಪದದ ಮೂಲ ಸಂಸ್ಕೃತದ 'ಶರ್ಕರಾ'. ಹರಳು, ಪುಟ್ಟ ಕಲ್ಲು, ಮರಳಿನ ಕಣ ಎಂಬುದು ಅದರ ಹಳೆಯ ಅರ್ಥ. ಕಬ್ಬಿನ ರಸ ಕಾದು ಆರಿದಾಗ ಕಣಕಣವಾಗಿ ಕೂಡುವ ಸಿಹಿಗೆ ಆ ಹೆಸರನ್ನು ಇಟ್ಟವರು ರೂಪವನ್ನು ನೋಡಿ ಇಟ್ಟಿದ್ದಾರೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕಬ್ಬಿನಿಂದ ಬರುವ ಐದು ಪದಾರ್ಥಗಳು ಒಂದೇ ಕಡೆ ಬರುತ್ತವೆ: ಫಾಣಿತ, ಗುಡ, ಮತ್ಸ್ಯಂಡಿಕಾ, ಖಂಡ, ಶರ್ಕರಾ. ಫಾಣಿತ ಎಂದರೆ ರಸವನ್ನು ಕಾಯಿಸಿ ಗಟ್ಟಿ ಮಾಡಿದ ಪಾಕ, ಇಂದಿನ ಕಾಕಂಬಿಗೆ ಹತ್ತಿರದ್ದು. ಗುಡ ಎಂದರೆ ಉಂಡೆ. ಕಣ ಬೇರೆಯಾಗದೆ ಇಡಿಯಾಗಿ ಗಟ್ಟಿಯಾದದ್ದು, ಅಂದರೆ ಬೆಲ್ಲ. ಮತ್ಸ್ಯಂಡಿಕಾ ಮೀನಿನ ಮೊಟ್ಟೆಯಂತೆ ಕಾಣುವ ಹರಳು. ಖಂಡ ತುಂಡು ತುಂಡಾದ ಸಕ್ಕರೆ. ಶರ್ಕರಾ ಕಣವಾಗಿ ಬಿಡಿಬಿಡಿಯಾದದ್ದು. ಎರಡು ಸಾವಿರ ವರ್ಷಗಳ ಹಿಂದೆಯೇ ಈ ನೆಲದ ಜನ ಗುಡವನ್ನೂ ಶರ್ಕರೆಯನ್ನೂ ಬೇರೆ ಬೇರೆಯಾಗಿ ಕಂಡಿದ್ದರು ಎಂಬುದು ಇದರಿಂದ ಸ್ಪಷ್ಟ. ಹಿಂದಿಯ 'ಗುಡ್', ಮರಾಠಿಯ 'ಗೂಳ' ಎರಡೂ ಗುಡದಿಂದ ಬಂದವು. ಜ್ಯಾಗರಿಯ ವಿಚಿತ್ರ ಇಲ್ಲಿದೆ: ಅದು ಸೂಚಿಸುವ ವಸ್ತು ಗುಡ, ಹೊತ್ತ ಹೆಸರು ಶರ್ಕರೆಯದು.

ಶರ್ಕರೆಯ ಹೆಸರು ಇಂಗ್ಲಿಷಿಗೆ ಒಂದೇ ದಾರಿಯಲ್ಲಿ ಬರಲಿಲ್ಲ. ಮೊದಲ ದಾರಿ ನೆಲದ್ದು. ಸಂಸ್ಕೃತದ ಪದ ಪರ್ಷಿಯನ್ನಿನಲ್ಲಿ 'ಶಕರ್' ಆಯಿತು, ಅರಬ್ಬಿಯಲ್ಲಿ 'ಸುಕ್ಕರ್', ಮಧ್ಯಯುಗದ ಲ್ಯಾಟಿನ್ನಿನಲ್ಲಿ 'ಸುಕ್ಕಾರುಂ', ಫ್ರೆಂಚಿನಲ್ಲಿ 'ಸುಕ್ರ್'. ಅಲ್ಲಿಂದ 13ನೆಯ ಶತಮಾನದ ಹೊತ್ತಿಗೆ ಇಂಗ್ಲಿಷಿನಲ್ಲಿ 'ಶುಗರ್' ಆಯಿತು. ಇನ್ನೊಂದು ದಾರಿ ಅದಕ್ಕೂ ಹಳೆಯದು. ಪಾಲಿಯ 'ಸಕ್ಖರಾ' ಗ್ರೀಕರ ಬಾಯಿಯಲ್ಲಿ 'ಸಾಖರೋನ್' ಆಗಿತ್ತು. ಕ್ರಿ.ಶ. ಮೊದಲ ಶತಮಾನದ ವೈದ್ಯ ಡಯೊಸ್ಕೊರಿಡೀಸ್ ಭಾರತದ ಜೊಂಡಿನಲ್ಲಿ ಗಟ್ಟಿಯಾಗುವ ಒಂದು ಬಗೆಯ ಜೇನು ಎಂದು ಅದನ್ನು ಬಣ್ಣಿಸಿದ್ದಾನೆ. ಆ ಗ್ರೀಕ್ ಪದದ ಲ್ಯಾಟಿನ್ ರೂಪ ವಿಜ್ಞಾನದ ಭಾಷೆಯಲ್ಲಿ ಉಳಿದುಕೊಂಡಿತು. ಕಬ್ಬಿನ ಸಸ್ಯಶಾಸ್ತ್ರೀಯ ಕುಲನಾಮ 'ಸ್ಯಾಕರಂ' ಅದರಿಂದ ಬಂದದ್ದು. 1879ರಲ್ಲಿ ಕಾನ್‌ಸ್ಟಂಟೈನ್ ಫಾಲ್‌ಬರ್ಗ್ ಕಂಡುಹಿಡಿದ 'ಸ್ಯಾಕರಿನ್' ಎಂಬ ಕೃತಕ ಸಿಹಿಯ ಹೆಸರೂ ಅದರಿಂದಲೇ. ಅರ್ಥಶಾಸ್ತ್ರದ ಪಟ್ಟಿಯಲ್ಲಿರುವ 'ಖಂಡ' ಕೂಡ ಪರ್ಷಿಯನ್ ಮತ್ತು ಅರಬ್ಬಿಯ 'ಕಂದ್' ಮೂಲಕ ಇಂಗ್ಲಿಷಿಗೆ ಹೋಗಿ 'ಕ್ಯಾಂಡಿ' ಆಯಿತು.

ಜ್ಯಾಗರಿ ಬಂದದ್ದು ಕಡಲಿನ ದಾರಿಯಲ್ಲಿ, ಪೋರ್ಚುಗೀಸರ ಹಡಗುಗಳಲ್ಲಿ. ವಾಸ್ಕೊ ಡ ಗಾಮ ಕಲ್ಲಿಕೋಟೆ ತಲುಪಿದ್ದು 1498ರಲ್ಲಿ. ಕೆಲವೇ ವರ್ಷಗಳ ನಂತರ ಕಣ್ಣೂರಿನ ಪೋರ್ಚುಗೀಸ್ ವ್ಯಾಪಾರ ಕೋಠಿಯಲ್ಲಿ ಬರಹಗಾರನಾಗಿದ್ದ ದುವಾರ್ತೆ ಬಾರ್ಬೊಸ ಮಲಯಾಳಂ ಬಲ್ಲವನಾಗಿದ್ದ. ಸುಮಾರು 1516ರಲ್ಲಿ ಮುಗಿಸಿದ ತನ್ನ ವರದಿಯಲ್ಲಿ ಅವನು ಮರದಿಂದ ಬರುವ ಸಕ್ಕರೆಯನ್ನು ಹೇಳಿ, ಅದನ್ನು ಇಲ್ಲಿಯವರು 'ಶಾಗರ' ಎನ್ನುತ್ತಾರೆ ಎಂದು ಬರೆದ. ಆಮೇಲಿನ ಪೋರ್ಚುಗೀಸ್ ಬರಹಗಳಲ್ಲಿ ಅದು 'ಜಾಗರ', 'ಜಾಗ್ರ' ಎಂದಾಯಿತು. ಮಾಲ್ಡೀವ್ಸಿನಿಂದ ಬರುವ ಸರಕುಗಳ ನಡುವೆಯೂ ಈ ಹೆಸರು ಕಾಣಿಸುತ್ತದೆ. 1583ರಿಂದ 1588ರವರೆಗೆ ಗೋವೆಯ ಆರ್ಚ್‌ಬಿಷಪ್ಪರ ಕಾರ್ಯದರ್ಶಿಯಾಗಿದ್ದ ಡಚ್ಚರ ಯಾನ್ ಹಾಯ್ಗನ್ ವಾನ್ ಲಿನ್‌ಸ್ಖೋಟನ್ ತಾನು ಕಂಡದ್ದನ್ನೆಲ್ಲ ಬರೆದಿಟ್ಟು 1596ರಲ್ಲಿ ಪ್ರಕಟಿಸಿದ. 1598ರಲ್ಲಿ ಆ ಪುಸ್ತಕ ಲಂಡನ್ನಿನಲ್ಲಿ ಇಂಗ್ಲಿಷಿಗೆ ಬಂತು. ತೆಂಗಿನ ಮರದಿಂದ ಮಾಡುವ ಕಂದು ಸಕ್ಕರೆಯ ಹೆಸರಾಗಿ ಈ ಪದ ಇಂಗ್ಲಿಷ್ ಓದುಗರ ಕಣ್ಣಿಗೆ ಬಿದ್ದದ್ದು ಆಗ. ಈಸ್ಟ್ ಇಂಡಿಯಾ ಕಂಪನಿ ಇನ್ನೂ ಹುಟ್ಟಿರಲಿಲ್ಲ. ಆ ಕಂಪನಿ ಭಾರತಕ್ಕೆ ಬರುವ ಮೊದಲೇ ಭಾರತದ ಬೆಲ್ಲದ ಹೆಸರು ಇಂಗ್ಲಿಷರ ಭಾಷೆಗೆ ಹೋಗಿತ್ತು.

ಗೋವೆ ಬೆಳಗಾವಿ ಸೀಮೆಗೆ ಅಪರಿಚಿತ ನೆಲವೇನೂ ಅಲ್ಲ. 1510ರಲ್ಲಿ ಪೋರ್ಚುಗೀಸರು ಗೆಲ್ಲುವವರೆಗೆ ಅದು ವಿಜಯಪುರದ ಆದಿಲಶಾಹಿಗಳ ಕೈಯಲ್ಲಿತ್ತು. ಹುಕ್ಕೇರಿಯೂ ಅದೇ ಆದಿಲಶಾಹಿಗಳ ಆಳ್ವಿಕೆಯ ಊರು. ಊರಿನ ಗುಮ್ಮಟಗಳು ಆ ಕಾಲದವು. ಘಟ್ಟದ ಮೇಲಿನ ಬೆಲ್ಲಕ್ಕೂ ಕಡಲ ತೀರದ ಬೆಲ್ಲಕ್ಕೂ ಅಂತರ ಅಷ್ಟು ದೂರದ್ದಲ್ಲ. ಹಾಗಿದ್ದರೂ ಪೋರ್ಚುಗೀಸರು ಎತ್ತಿಕೊಂಡದ್ದು ಘಟ್ಟದ ಮೇಲಿನ 'ಬೆಲ್ಲ'ವನ್ನಾಗಲಿ 'ಗೂಳ'ವನ್ನಾಗಲಿ ಅಲ್ಲ, ತೀರದ ಪದವನ್ನು. ಅವರು ಮೊದಲು ಕಂಡದ್ದು ತೆಂಗಿನ, ತಾಳೆಯ ಬೆಲ್ಲವನ್ನು; ಮೊದಲು ಕಿವಿಗೊಟ್ಟದ್ದು ಮಲಬಾರಿನ ಮಾತಿಗೆ.

ಇಲ್ಲಿ ವಿದ್ವಾಂಸರಲ್ಲಿ ಒಂದು ಭಿನ್ನಾಭಿಪ್ರಾಯವಿದೆ, ಕನ್ನಡಿಗರಿಗೆ ಅದು ಮುಖ್ಯವಾದದ್ದು. ಕೆಲವು ಇಂಗ್ಲಿಷ್ ನಿಘಂಟುಗಳು ಜ್ಯಾಗರಿಯ ಹತ್ತಿರದ ಮೂಲವಾಗಿ ಕನ್ನಡದ 'ಶರ್ಕರೆ'ಯನ್ನು ತೋರಿಸುತ್ತವೆ. ಇನ್ನು ಕೆಲವು ಮಲಯಾಳಂನ 'ಚಕ್ಕರ'ವನ್ನು ತೋರಿಸುತ್ತವೆ. ಆಂಗ್ಲೋ-ಇಂಡಿಯನ್ ಪದಗಳ ಹೆಸರಾಂತ ಕೋಶ 'ಹಾಬ್ಸನ್-ಜಾಬ್ಸನ್' 1886ರಲ್ಲಿ ಹೊರಬಂತು. ಅದನ್ನು ಸಿದ್ಧಪಡಿಸಿದವರು ಹೆನ್ರಿ ಯೂಲ್ ಮತ್ತು ಮಂಗಳೂರಿನಲ್ಲೂ ನ್ಯಾಯಾಧೀಶನಾಗಿದ್ದ, ತುಳುನಾಡಿನ ಭೂತಾರಾಧನೆಯ ವಿವರಗಳನ್ನು ಸಂಗ್ರಹಿಸಿದ ಎ.ಸಿ. ಬರ್ನೆಲ್. ಜ್ಯಾಗರಿ ಎಂಬುದು ಶುಗರ್ ಪದದ್ದೇ ಇನ್ನೊಂದು ರೂಪ, ಎರಡೂ ಸಂಸ್ಕೃತದ ಶರ್ಕರೆಯಿಂದ ಬಂದವು ಎಂದು ಆ ಕೋಶ ಹೇಳಿತು. 1903ರಲ್ಲಿ ವಿಲಿಯಂ ಕ್ರೂಕ್ ಪರಿಷ್ಕರಿಸಿದ ಆವೃತ್ತಿಯಲ್ಲಿ ಮಲಯಾಳಂ ಮೂಲಕ ಪೋರ್ಚುಗೀಸಿಗೆ ಹೋಯಿತು ಎಂಬ ಮಾತು ಸೇರಿತು.

ಎರಡನ್ನೂ ಎದುರಿಗಿಟ್ಟು ನೋಡಿದರೆ ಮಲಯಾಳಂ ಪಕ್ಷವೇ ಬಲವಾದದ್ದು. ಮಲಯಾಳಂನಲ್ಲಿ ಇಂದಿಗೂ 'ಶರ್ಕ್ಕರ', 'ಚಕ್ಕರ' ಎಂದರೆ ಬೆಲ್ಲ. ಬಿಳಿ ಸಕ್ಕರೆಗೆ ಅಲ್ಲಿ 'ಪಂಚಸಾರ' ಎಂಬ ಬೇರೆ ಪದವಿದೆ. ಸಿಂಹಳದಲ್ಲಿ ಬೆಲ್ಲಕ್ಕೆ 'ಹಕುರು' ಎನ್ನುತ್ತಾರೆ, ಅದೂ ಸಕ್ಖರಾದಿಂದಲೇ ಸವೆದು ಬಂದ ರೂಪ. ಕನ್ನಡದಲ್ಲಿ ಹಾಗಿಲ್ಲ. ಪ್ರಾಕೃತದ ಮೂಲಕ ಬಂದ 'ಸಕ್ಕರೆ' ಕನ್ನಡದಲ್ಲಿ ಬಿಳಿಯ, ಕಣಕಣವಾದ ಪದಾರ್ಥಕ್ಕೆ ಮೀಸಲಾಗಿದೆ; 'ಶರ್ಕರೆ' ವೈದ್ಯಗ್ರಂಥದ, ಪಂಡಿತರ ಮಾತು. ಬೆಲ್ಲದ ವ್ಯಾಪಾರಕ್ಕೆ ಬಂದ ವಿದೇಶಿ ವರ್ತಕನಿಗೆ ಕನ್ನಡ ತೀರದ ಸಾಮಾನ್ಯ ಮಾರಾಟಗಾರ ಅದನ್ನು ಶರ್ಕರೆ ಎಂದು ಹೇಳಿರಲಾರ, ಬೆಲ್ಲ ಎಂದೇ ಹೇಳಿರುತ್ತಾನೆ. 'ಬೆಲ್ಲ' ಅಪ್ಪಟ ದ್ರಾವಿಡ ಪದ. ತಮಿಳಿನ 'ವೆಲ್ಲಂ', ತೆಲುಗಿನ 'ಬೆಲ್ಲಮು', ತುಳುವಿನ 'ಬೆಲ್ಲ' ಇದರ ಒಡಹುಟ್ಟುಗಳು. ಜ್ಯಾಗರಿ ಎಂಬ ಇಂಗ್ಲಿಷ್ ಪದ ಕನ್ನಡದಿಂದ ಹೋದದ್ದು ಎಂದು ಹೆಮ್ಮೆಪಡಲು ಆಧಾರ ತೆಳುವಾಗಿದೆ. ಬೆಲ್ಲ ಎಂಬ ಸ್ವಂತ ಪದವನ್ನು ಸಂಸ್ಕೃತದ ಶರ್ಕರೆಗೂ ಪೋರ್ಚುಗೀಸರ ಜಾಗ್ರಕ್ಕೂ ಬಿಟ್ಟುಕೊಡದೆ ಕನ್ನಡ ಉಳಿಸಿಕೊಂಡದ್ದು ಇದಕ್ಕಿಂತ ದೊಡ್ಡ ಸಂಗತಿ.

ಮರದ ಬೆಲ್ಲದಿಂದ ಕಬ್ಬಿನ ಬೆಲ್ಲಕ್ಕೆ ಜ್ಯಾಗರಿ ಹೊರಳಿದ್ದಕ್ಕೆ ಕನ್ನಡ ನಾಡೇ ಸಾಕ್ಷಿ. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಮೈಸೂರು, ಕೆನರಾ, ಮಲಬಾರುಗಳ ಪ್ರವಾಸಕ್ಕೆ ಹೊರಟ. 1807ರಲ್ಲಿ ಪ್ರಕಟವಾದ ಅವನ ಪುಸ್ತಕದಲ್ಲಿ ರಸದಾಳಿ, ಪಟ್ಟಾಪಟ್ಟಿ ಮುಂತಾದ ಕಬ್ಬಿನ ತಳಿಗಳ ಹೆಸರುಗಳೂ ಕಬ್ಬಿನ ರಸ ಕಾಯಿಸುವ ವಿವರಗಳೂ ಇವೆ. ಆ ರಸದಿಂದ ಬಂದ ಬೆಲ್ಲವನ್ನು ಅವನು 'ಜಾಗೊರಿ' ಎಂದೇ ಬರೆಯುತ್ತಾನೆ. ಮರದ್ದೋ ಕಬ್ಬಿನದೋ ಎಂಬ ಭೇದ ಅಷ್ಟರಲ್ಲಿ ಅಳಿಸಿತ್ತು. ಕಂಪನಿಯ ಎಂಜಿನಿಯರುಗಳು ಇನ್ನೊಂದು ಬಗೆಯಲ್ಲಿ ಈ ಪದವನ್ನು ಹರಡಿದರು. ಸುಣ್ಣದ ಗಾರೆಗೆ ಬೆಲ್ಲದ ನೀರು ಬೆರೆಸುವ ದೇಶೀ ಪದ್ಧತಿಯನ್ನು ಮದ್ರಾಸಿನ ಕಡೆ ಅವರು ಕಲಿತರು, ಕಟ್ಟಡ ಕೆಲಸದ ಕೈಪಿಡಿಗಳಲ್ಲಿ ಸುಣ್ಣ, ಮರಳುಗಳ ಜೊತೆ ಜ್ಯಾಗರಿಯೂ ಸಾಮಗ್ರಿಯಾಗಿ ಸೇರಿತು. ತಿರುನೆಲ್ವೇಲಿಯಲ್ಲಿ ಬೆಲ್ಲದ ಪುಟ್ಟ ಅಚ್ಚುಗಳು ಹಿಂದೆ ನಾಣ್ಯದಂತೆ ಚಲಾವಣೆಯಲ್ಲಿದ್ದವು ಎಂಬ ಸಂಗತಿಯೂ ಹಾಬ್ಸನ್-ಜಾಬ್ಸನ್ನಿನಲ್ಲಿದೆ.

ಗೋಕಾಕ, ಹುಕ್ಕೇರಿಗಳು 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದವು. ಆದ್ದರಿಂದ ಇಲ್ಲಿಗೆ ಪದ ಬಂದ ಬಗೆ ಮೈಸೂರಿನದಕ್ಕಿಂತ ಬೇರೆ. ಮುಂಬಯಿಯಲ್ಲಿ ಶುದ್ಧೀಕರಿಸದ ಎಲ್ಲ ಬಗೆಯ ಒರಟು ಸಕ್ಕರೆಯನ್ನೂ ಜ್ಯಾಗರಿ ಎನ್ನುತ್ತಾರೆ, ರೈಲ್ವೆಯ ಸಾಗಣೆ ದರಪಟ್ಟಿಯಲ್ಲಿ ಅರೆಸಿದ್ಧ ಸಕ್ಕರೆಯೆಲ್ಲ ಈ ಒಂದು ಹೆಸರಿನಡಿ ಬರುತ್ತದೆ ಎಂದು 1886ರ ಕೋಶ ದಾಖಲಿಸಿದೆ. ರೈಲು ಬಂದ ಕಡೆಗೆಲ್ಲ ದರಪಟ್ಟಿಯೂ ಬರುತ್ತದೆ, ಅದರೊಡನೆ ಅದರ ಪದವೂ. ಹಳ್ಳಿಯಿಂದ ಚಕ್ಕಡಿಯಲ್ಲಿ ಬೆಲ್ಲವಾಗಿ ಹೊರಟದ್ದು, ಪೇಟೆಯ ಮರಾಠಿ ವ್ಯಾಪಾರಿಯ ವಹಿಯಲ್ಲಿ ಗೂಳವಾಗಿ, ರೈಲ್ವೆಯ ರಸೀದಿಯಲ್ಲಿ ಜ್ಯಾಗರಿಯಾಗುವ ವ್ಯವಸ್ಥೆ ಅದು.

ಅದೇ ಆಡಳಿತದ ಗೆಜೆಟಿಯರುಗಳಲ್ಲಿ ಇನ್ನೊಂದು ಗೊಂದಲವಿದೆ. ಅವು ಗೂಳಕ್ಕೆ ಎಷ್ಟೋ ಕಡೆ 'ಮೊಲ್ಯಾಸಿಸ್' ಎಂದು ಇಂಗ್ಲಿಷ್ ಕೊಡುತ್ತವೆ. ಇದೂ ಪೋರ್ಚುಗೀಸಿನ 'ಮೆಲಾಸು' ಮೂಲಕ ಬಂದ ಪದ, ಜೇನು ಎಂಬರ್ಥದ ಲ್ಯಾಟಿನ್ ಮೂಲದ್ದು. ಸಕ್ಕರೆಯ ಹರಳು ಬೇರ್ಪಟ್ಟ ಮೇಲೆ ಉಳಿಯುವ ಕಪ್ಪು ದ್ರವಕ್ಕೆ ಅದು ಹೆಸರು. ಬೆಲ್ಲದಲ್ಲಿ ಹರಳನ್ನು ಬೇರ್ಪಡಿಸುವ ಕೆಲಸವೇ ಇಲ್ಲ. ರಸದಲ್ಲಿದ್ದದ್ದು ನೀರು ಮತ್ತು ಮಡ್ಡಿ ಬಿಟ್ಟರೆ ಎಲ್ಲ ಬೆಲ್ಲದಲ್ಲೇ ಉಳಿಯುತ್ತದೆ. ಹಾಗಾಗಿ ಗೂಳವನ್ನು ಮೊಲ್ಯಾಸಿಸ್ ಎಂದದ್ದು ತಪ್ಪು. ಹಳೆಯ ದಾಖಲೆಗಳನ್ನು ಓದುವವರು ಅಲ್ಲಿನ ಮೊಲ್ಯಾಸಿಸ್ ಎಂಬುದನ್ನು ಎಷ್ಟೋ ಕಡೆ ಬೆಲ್ಲ ಎಂದೇ ತಿಳಿಯಬೇಕಾಗುತ್ತದೆ.

ಬೆಲ್ಲ ಏನು ಎಂಬುದು ಗಾಣದಲ್ಲಿ ನಿಂತು ನೋಡಿದಾಗ ಚೆನ್ನಾಗಿ ತಿಳಿಯುತ್ತದೆ. ಮೈಸೂರು ಕಡೆ ಆಲೆಮನೆ ಎನ್ನುವುದಕ್ಕೆ ಬೆಳಗಾವಿ ಕಡೆ ಗಾಣ, ಗಾಣದ ಮನಿ ಎನ್ನುತ್ತಾರೆ. ಕಬ್ಬು ಅರೆದಾಗ ಬರುವುದು ಕಬ್ಬಿನ ಹಾಲು. ಅದನ್ನು ಅಗಲವಾದ ಕೊಪ್ಪರಿಗೆಗೆ ಸುರಿದು, ಒಣಗಿಸಿದ ಕಬ್ಬಿನ ಸಿಪ್ಪೆಯನ್ನೇ ಉರಿಗೆ ಹಾಕಿ ಕುದಿಸುತ್ತಾರೆ. ಹುಳಿ ಮುರಿಯಲು ಸುಣ್ಣದ ನೀರು ಬೀಳುತ್ತದೆ. ಬೆಂಡೆಗಿಡದ ಕಾಂಡವನ್ನು ಜಜ್ಜಿ ತೆಗೆದ ಲೋಳೆ ಹಾಕಿದರೆ ಕಸವೆಲ್ಲ ಮೇಲೆ ಬಂದು ಮಡ್ಡಿಯಾಗಿ ತೇಲುತ್ತದೆ, ಅದನ್ನು ಜಾಲರಿಯಿಂದ ತೆಗೆಯುತ್ತಾರೆ. ನೊರೆ ಉಕ್ಕಿ ಬಂದಾಗ ಒಂದಿಷ್ಟು ಎಣ್ಣೆ ಬಿಟ್ಟರೆ ಇಳಿಯುತ್ತದೆ. ಸುಮಾರು 105 ಡಿಗ್ರಿ ಸೆಲ್ಸಿಯಸ್ ದಾಟುವ ಹೊತ್ತಿಗೆ ಇಳಿಸಿದರೆ ಕಾಕಂಬಿ. ಇನ್ನೂ ಕಾಯಿಸಿ 118 ಡಿಗ್ರಿಯ ಆಸುಪಾಸಿಗೆ ತಂದರೆ ಬೆಲ್ಲದ ಪಾಕ. ಅನುಭವಿಗಳು ತಣ್ಣೀರಿಗೆ ಒಂದು ಹನಿ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡಿ ಪಾಕ ಬಂತೋ ಇಲ್ಲವೋ ಹೇಳಿಬಿಡುತ್ತಾರೆ. ಒಂದು ಗಳಿಗೆ ತಪ್ಪಿದರೆ ಬೆಲ್ಲ ಕಂದುತ್ತದೆ ಅಥವಾ ಗಟ್ಟಿಯಾಗದೆ ಜಿನುಗುತ್ತದೆ. ಪಾಕವನ್ನು ತಣಿಸುವ ತೊಟ್ಟಿಗೆ ಸುರಿದು, ಆಡಿಸಿ, ಅಚ್ಚುಗಳಿಗೆ ತುಂಬುತ್ತಾರೆ. ಒಂದು ಟನ್ ಕಬ್ಬಿಗೆ ಸುಮಾರು 100 ಕಿಲೊ ಬೆಲ್ಲ ಬರುವುದು ಸಾಮಾನ್ಯ ಲೆಕ್ಕ.

ಈ ಕೆಲಸದ ಒಂದೊಂದು ಹಂತಕ್ಕೂ ಗಾಣದ ಭಾಷೆಯಲ್ಲಿ ಮಾತಿದೆ. ಬಂದ ಬೆಲ್ಲಕ್ಕೂ ಆಕಾರದ ಮೇಲೆ ಹೆಸರು: ದೊಡ್ಡದಾದರೆ ಪೆಂಟಿ, ಸಣ್ಣ ಅಚ್ಚಿನದಾದರೆ ಅಚ್ಚುಬೆಲ್ಲ, ಕೈಯಲ್ಲಿ ಕಟ್ಟಿದರೆ ಉಂಡೆಬೆಲ್ಲ, ಬಕೆಟ್ಟಿನಲ್ಲಿ ಎರೆದರೆ ಬಕೆಟ್ ಬೆಲ್ಲ. ಇಂಗ್ಲಿಷಿನಲ್ಲಿ ಇವೆಲ್ಲಕ್ಕೂ ಇರುವುದು ಜ್ಯಾಗರಿ ಒಂದೇ. ಆಕಾರ ಹೇಳಬೇಕಾದರೆ ಬ್ಲಾಕ್, ಲಂಪ್, ಕ್ಯೂಬ್, ಪೌಡರ್ ಎಂದು ಮುಂದೆ ಸೇರಿಸಬೇಕು. ಪದ ದೂರದಿಂದ ಬಂದದ್ದರಿಂದ ಅದಕ್ಕೆ ಈ ಸೂಕ್ಷ್ಮ ದಕ್ಕಿಲ್ಲ.

ಘಟಪ್ರಭೆಯ ದಂಡೆಯ ಕಬ್ಬು ಬೆಳೆಗಾರನ ಮುಂದೆ ಪ್ರತಿ ಹಂಗಾಮಿನಲ್ಲೂ ಎರಡು ದಾರಿಗಳಿರುತ್ತವೆ. ಒಂದು ಸಕ್ಕರೆ ಕಾರ್ಖಾನೆ: ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಕಾರ್ಖಾನೆಯಂಥ ಹಳೆಯದೂ ಇದೆ, ಬೆಲ್ಲದ ಬಾಗೇವಾಡಿಯಂಥ ಊರಿನಲ್ಲೂ ಈಗ ಕಾರ್ಖಾನೆಯಿದೆ. ಇನ್ನೊಂದು ಗಾಣ. ಕಾರ್ಖಾನೆಯ ಫಲಕದಲ್ಲಿ ಶುಗರ್, ಬೆಲ್ಲದ ಪೊಟ್ಟಣದ ಮೇಲೆ ಜ್ಯಾಗರಿ. ಹುಟ್ಟಿನಿಂದ ಒಂದೇ ಆದ ಎರಡು ಪದಗಳು, ಒಂದು ಅರಬ್ಬರ ಒಂಟೆಯ ಮೇಲೆ, ಇನ್ನೊಂದು ಪೋರ್ಚುಗೀಸರ ಹಡಗಿನಲ್ಲಿ ಲೋಕ ಸುತ್ತಿ, ಕೊನೆಗೆ ಒಂದೇ ಹೊಲದ ಕಬ್ಬಿಗಾಗಿ ಎದುರುಬದುರು ನಿಂತಿವೆ. ಪದಗಳ ಚರಿತ್ರೆಯಲ್ಲಿ ಇಂಥ ಭೇಟಿ ಅಪರೂಪ.

ಇಂದಿನ ಆಡಳಿತ ಭಾಷೆಯಲ್ಲಿ ಜ್ಯಾಗರಿಯ ಬಳಕೆ ಹೆಚ್ಚುತ್ತಲೇ ಇದೆ. ಕಿರು ಆಹಾರ ಉದ್ಯಮಗಳಿಗಾಗಿ 2020ರಲ್ಲಿ ಶುರುವಾದ ಕೇಂದ್ರದ ಯೋಜನೆಯಡಿ ಒಂದು ಜಿಲ್ಲೆಗೆ ಒಂದು ಉತ್ಪನ್ನ ಎಂದು ಆರಿಸಿದಾಗ ಬೆಳಗಾವಿಗೆ ಸಿಕ್ಕಿದ್ದು ಬೆಲ್ಲ, ಮಂಡ್ಯಕ್ಕೂ ಅದೇ. ಕಡತಗಳಲ್ಲಿ ಅದು ಜ್ಯಾಗರಿ. ಮಾರುಕಟ್ಟೆ ಧಾರಣೆಯ ಸರ್ಕಾರಿ ಪಟ್ಟಿಗಳು 'ಗುರ್' ಎಂದು ಬರೆದು ಪಕ್ಕದಲ್ಲಿ ಜ್ಯಾಗರಿ ಎಂದೂ ಬರೆಯುತ್ತವೆ, ಏಕೆಂದರೆ ಉತ್ತರದವರಿಗೆ ಒಂದು ಪದ ಪರಿಚಿತ, ದಕ್ಷಿಣದವರಿಗೆ ಇನ್ನೊಂದು. 2022ರ ಜುಲೈ 18ರಿಂದ ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿದ ಬೆಲ್ಲಕ್ಕೆ ಶೇ 5ರ ಜಿಎಸ್‌ಟಿ ಬಂದಾಗ ಅಧಿಸೂಚನೆ ಎಲ್ಲ ಬಗೆಯ ಜ್ಯಾಗರಿ ಎಂದು ಆರಂಭಿಸಿ, ಕಬ್ಬಿನದನ್ನೂ ತಾಳೆಯದನ್ನೂ ಹೆಸರಿಸಿ ಒಳಗೊಂಡಿತು. ಕಾನೂನಿನ ಭಾಷೆ ಹದಿನಾರನೆಯ ಶತಮಾನದ ಮರದ ಬೆಲ್ಲವನ್ನು ಇನ್ನೂ ಮರೆತಿಲ್ಲ.

ಆಹಾರ ಸುರಕ್ಷತಾ ನಿಯಮಗಳ ವ್ಯಾಖ್ಯೆಯೂ ಹೀಗೇ ಅಗಲವಾದದ್ದು. ಕಬ್ಬಿನಿಂದ ಹಿಂಡಿದ ಅಥವಾ ತಾಳೆ, ಈಚಲು, ತೆಂಗಿನಿಂದ ಇಳಿಸಿದ ರಸವನ್ನು ಕುದಿಸಿ ಪಡೆದ ಪದಾರ್ಥವೇ ಜ್ಯಾಗರಿ. ಒಣಗಿದ ತೂಕದ ಲೆಕ್ಕದಲ್ಲಿ ಒಟ್ಟು ಸಕ್ಕರೆ ಅಂಶ ಶೇ 90ಕ್ಕಿಂತ ಕಡಿಮೆಯಿರಬಾರದು, ಸುಕ್ರೋಸ್ ಶೇ 60ಕ್ಕಿಂತ ಕಡಿಮೆಯಿರಬಾರದು. ಗಟ್ಟಿ ಬೆಲ್ಲದಲ್ಲಿ ತೇವ ಶೇ 10 ಮೀರಬಾರದು. ಬಣ್ಣ ಹೀಗೇ ಇರಬೇಕೆಂದು ಜ್ಯಾಗರಿಯ ಅರ್ಥದೊಳಗೆ ಎಲ್ಲೂ ಇಲ್ಲ. ಪೇಟೆಯಲ್ಲಿ ಹಳದಿ ಹೊಳಪಿನ ಬೆಲ್ಲಕ್ಕೆ ಹೆಚ್ಚು ಬೆಲೆ ಬರುವುದರಿಂದ ಹೈಡ್ರೋಸ್ ಎಂಬ ರಾಸಾಯನಿಕ ಹಾಕಿ ಬಿಳುಪು ಮಾಡುವ ಚಾಳಿ ಬೆಳೆಯಿತು. ಕಂದು ಬಣ್ಣವೇ ಪದದ ಹಳೆಯ ಅರ್ಥದ ಭಾಗವಾಗಿದ್ದ ವಸ್ತುವಿನ ಬಣ್ಣವನ್ನು ತೆಗೆದು ಮಾರುವುದು, ತಿನ್ನುವವರ ಆರೋಗ್ಯಕ್ಕೆ ಹೇಗೋ ಹಾಗೆ ಗಾಣದವರ ಹೆಸರಿಗೂ ನಷ್ಟ. ಈಗ ಕೊಳ್ಳುವವರು ಮತ್ತೆ ಕಪ್ಪು ಬೆಲ್ಲವನ್ನು ಕೇಳತೊಡಗಿರುವುದು ಒಳ್ಳೆಯ ಬದಲಾವಣೆ.

ಹೆಸರಿಗೆ ಬೆಲೆ ಬರುತ್ತದೆ ಎಂಬುದಕ್ಕೆ ನೆರೆಯ ಕೊಲ್ಹಾಪುರ ಉದಾಹರಣೆ. 'ಕೊಲ್ಹಾಪುರ ಜ್ಯಾಗರಿ' 2014ರಲ್ಲಿ ಭೌಗೋಳಿಕ ಸೂಚಿಯಾಗಿ ನೋಂದಣಿಯಾಯಿತು. ಕೇರಳದ ಮರಯೂರಿನ ಬೆಲ್ಲಕ್ಕೆ 2019ರಲ್ಲಿ ಅದು ಸಿಕ್ಕಿತು. ಮಣ್ಣು, ನೀರು, ಕೈಗುಣ ಯಾವುದರಲ್ಲೂ ಕಡಿಮೆಯಿಲ್ಲದ ಘಟಪ್ರಭಾ ದಂಡೆಯ ಬೆಲ್ಲ ಬೇರೆ ಊರಿನ ಪೇಟೆಗೆ ಹೋಗಿ ಆ ಪೇಟೆಯ ಹೆಸರಿನಲ್ಲಿ ಕರಗಿಹೋಗಬಾರದು.

ಗೋಕಾಕದ ಕರದಂಟಿನಲ್ಲಿ ಜ್ಯಾಗರಿ ಪದದ ದಿನಬಳಕೆಯ ರೂಪ ಕಾಣುತ್ತದೆ. ಕರಿದ ಅಂಟು, ಒಣಕೊಬ್ಬರಿ, ಗೋಡಂಬಿ, ಬಾದಾಮಿಗಳನ್ನು ಬೆಲ್ಲದ ಪಾಕದಲ್ಲಿ ಕೂಡಿಸಿ ಮಾಡುವ ಸಿಹಿ ಅದು. ಊರಿನ ಮಿಠಾಯಿ ಅಂಗಡಿಯಲ್ಲಿ ಕೊಳ್ಳುವವರಾರೂ ಜ್ಯಾಗರಿ ಎಂಬ ಮಾತು ಆಡುವುದಿಲ್ಲ. ಆದರೆ ಪೆಟ್ಟಿಗೆಯ ಮೇಲೆ ಒಳಗಿರುವುದನ್ನು ಇಂಗ್ಲಿಷಿನಲ್ಲಿ ಮುದ್ರಿಸಲೇಬೇಕಾದಾಗ ಆ ಪದ ಬಂದು ಕೂಡುತ್ತದೆ. 'ಕರದಂಟು' ಎಂಬುದನ್ನು ಮಾತ್ರ ಯಾರೂ ಇಂಗ್ಲಿಷಿಗೆ ತಿರುಗಿಸಲು ಹೋಗಿಲ್ಲ, ಹಾಗೇ ಬರೆಯುತ್ತಾರೆ. ಹೋಳಿಗೆ, ಹುಗ್ಗಿಗಳ ಹೆಸರುಗಳೂ ಹಾಗೆಯೇ ಉಳಿದಿವೆ.

ಇಂಗ್ಲಿಷಿನಲ್ಲಿ ಜ್ಯಾಗರಿ ಪದ ಬಳಸುವಾಗ ಗಮನಿಸಬೇಕಾದ ಕೆಲವು ಸಂಗತಿಗಳಿವೆ. ಉಚ್ಚಾರಣೆಯಲ್ಲಿ ಒತ್ತು ಮೊದಲ ಅಕ್ಷರದ ಮೇಲೆ, ಗಕಾರವನ್ನು ಜಕಾರವಾಗಿಸಬಾರದು. ಹಾಲು, ನೀರು, ಮರಳಿನಂತೆ ಇದು ಎಣಿಕೆಗೆ ಸಿಗದ ನಾಮಪದ. ಎರಡು ಅಚ್ಚು ಬೆಲ್ಲವೆನ್ನಲು ಜ್ಯಾಗರಿಗೆ ಬಹುವಚನ ಹಚ್ಚಿದರೆ ತಪ್ಪಾಗುತ್ತದೆ, ಎರಡು ಬ್ಲಾಕ್ ಎಂದು ಅಚ್ಚನ್ನು ಎಣಿಸಬೇಕು. ವಿದೇಶಗಳ ಅಡುಗೆ ಪುಸ್ತಕಗಳು ಬೆಲ್ಲ ಸಿಗದಿದ್ದರೆ ಬ್ರೌನ್ ಶುಗರ್ ಹಾಕಿ ಎನ್ನುತ್ತವೆ. ಅರ್ಥದಲ್ಲಿ ಎರಡೂ ಒಂದಲ್ಲ. ಬ್ರೌನ್ ಶುಗರ್ ಎಂದು ಮಾರುವುದರಲ್ಲಿ ಬಹುಪಾಲು ಬಿಳಿ ಸಕ್ಕರೆಗೆ ಮೊಲ್ಯಾಸಿಸ್ ಬೆರೆಸಿದ್ದು. ಪೋರ್ಚುಗೀಸ್ ಮೂಲದ್ದೇ ಆದ 'ಮಸ್ಕೊವಾಡೊ' ಬೆಲ್ಲಕ್ಕೆ ಇನ್ನೂ ಹತ್ತಿರ, ಆದರೂ ಅದು ಕಣವಾದ ಸಕ್ಕರೆ. ಕೊಲಂಬಿಯಾದ 'ಪನೇಲ', ಬ್ರೆಜಿಲ್‌ನ 'ರಪದೂರ', ಮೆಕ್ಸಿಕೊದ 'ಪಿಲೊನ್‌ಸಿಲೊ' ಮಾತ್ರ ನಿಜಕ್ಕೂ ಕಬ್ಬಿನ ಬೆಲ್ಲವೇ. ಜಾಗ್ರ ಎಂಬ ಪದವನ್ನು ಭಾರತದಲ್ಲಿ ಎತ್ತಿಕೊಂಡ ಪೋರ್ಚುಗೀಸರು ಬ್ರೆಜಿಲ್ಲಿನಲ್ಲಿ ಅದನ್ನು ಬಳಸಲಿಲ್ಲ, ಕೊಪ್ಪರಿಗೆಯ ತಳ ಕೆರೆದು ತೆಗೆಯುವುದರಿಂದ ಹುಟ್ಟಿದ ಬೇರೆ ಹೆಸರು ಅಲ್ಲಿ ನಿಂತಿತು. ಇವೆಲ್ಲವನ್ನೂ ಒಟ್ಟಾಗಿ ಹೇಳಲು ಅಂತರರಾಷ್ಟ್ರೀಯ ಅಂಕಿಅಂಶಗಳಲ್ಲಿ ಬಳಸುವ ಹೆಸರು 'ನಾನ್-ಸೆಂಟ್ರಿಫ್ಯೂಗಲ್ ಶುಗರ್', ಅಂದರೆ ಯಂತ್ರದಲ್ಲಿ ತಿರುಗಿಸಿ ಹರಳು ಬೇರ್ಪಡಿಸದ ಸಕ್ಕರೆ. ತಾಂತ್ರಿಕವಾಗಿ ನಿಖರ, ಬಾಯಿಗೆ ಬಾರದ್ದು.

ಕಾಕಂಬಿಯ ವಿಷಯದಲ್ಲಿ ಎಚ್ಚರ ಹೆಚ್ಚು ಬೇಕು. ಗಾಣದ ಕಾಕಂಬಿ ತಿನ್ನುವ ಪದಾರ್ಥ. ರೊಟ್ಟಿ, ಚಪಾತಿಯ ಜೊತೆ ಮಕ್ಕಳು ಹಚ್ಚಿಕೊಂಡು ತಿನ್ನುವಂಥದ್ದು. ಕಾರ್ಖಾನೆಯಲ್ಲಿ ಸಕ್ಕರೆ ತೆಗೆದ ಮೇಲೆ ಉಳಿದು ಮದ್ಯಸಾರದ ಘಟಕಕ್ಕೆ ಹೋಗುವ ಕಪ್ಪು ದ್ರವಕ್ಕೂ ಜನ ಕಾಕಂಬಿ ಎಂದೇ ಹೇಳುತ್ತಾರೆ. ಇಂಗ್ಲಿಷಿನಲ್ಲಿ ಎರಡನೆಯದು ಮೊಲ್ಯಾಸಿಸ್. ಮೊದಲನೆಯದಕ್ಕೆ ಲಿಕ್ವಿಡ್ ಜ್ಯಾಗರಿ ಎಂಬ ಹೆಸರು ಇದೆ. ಬಾಟಲಿಯಲ್ಲಿ ತುಂಬಿ ಮಾರುವ ಗಾಣದವರು ಲೇಬಲ್ಲಿನ ಮೇಲೆ ಬರೆಯಬೇಕಾದದ್ದು ಈ ಹೆಸರನ್ನೇ.